ಎರಡನೆಯ ಗುಡ್ಡ

ಧಾರವಾಡದ ನಿಗಾ ಕೇಂದ್ರದಲ್ಲಿ ಕಸ್ತೂರಿ ಬಣಕಾರಳ ಕೆಲಸ ಗುಡ್ಡ ನೋಡುವುದು. ಏನು ಕೆಲಸ ಎಂದು ಕೇಳಿದ ನೆಂಟರಿಗೆಲ್ಲ ಅವಳು ಹಾಗೆಯೇ ಹೇಳುತ್ತಿದ್ದಳು. ಹೃದಯ ಒಂದು ಸಲ ಬಡಿದರೆ ಆ ಬಡಿತ ಕತ್ತಿನ ರಕ್ತನಾಳಗಳಲ್ಲಿ ಮೇಲೇರಿ ತಲೆಬುರುಡೆಯೊಳಗಿನ ನೀರನ್ನು ಒಮ್ಮೆ ಅಲುಗಿಸುತ್ತದೆ. ಆ ಅಲುಗಾಟವನ್ನು ಗೆರೆಯಾಗಿ ಎಳೆದರೆ ಮೂರು ಗುಡ್ಡಗಳು ಕಾಣುತ್ತವೆ. ಮೊದಲನೆಯದು ಎತ್ತರ, ಎರಡನೆಯದು ಅದಕ್ಕಿಂತ ಗಿಡ್ಡ, ಮೂರನೆಯದು ಇನ್ನೂ ಗಿಡ್ಡ. ನೆಟ್ಟಗಿರುವ ತಲೆಯ ಗೆರೆ ಹೀಗೆ ಮೆಟ್ಟಿಲಿಳಿದಂತೆ ಇಳಿಯಬೇಕು. ಬುರುಡೆಯೊಳಗೆ ಒತ್ತಡ ಹೆಚ್ಚಿದರೆ ಎರಡನೆಯ ಗುಡ್ಡ ಮೇಲೇಳುತ್ತದೆ. ಅದು ಮೊದಲನೆಯದನ್ನು ಮೀರಿ ನಿಂತಿತೆಂದರೆ ಮಿದುಳಿಗೆ ಜಾಗ ಸಾಲುತ್ತಿಲ್ಲ ಎಂದರ್ಥ.

ಆ ಗೆರೆಗಳು ಬರುತ್ತಿದ್ದುದು ಹೆಂಗಸರ ಕಿವಿಯೋಲೆಗಳಿಂದ. ಓಲೆ ಕೊಟ್ಟದ್ದು ಕಾಳಿನ ಕಾರಣಕ್ಕೆ. ಕಾಳು ಎಂದರೆ ತೋಳಿನ ಒಳಬದಿಯಲ್ಲಿ ಚರ್ಮದ ಕೆಳಗೆ ಇಡುವ, ತೊಗರಿಯಷ್ಟೇ ಗಾತ್ರದ ಸಾಧನ. ಸರ್ಕಾರಿ ಕಾಗದದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು. ಹೆಂಗಸರು ಒಂದೇ ವಾರದಲ್ಲಿ ಅದನ್ನು ಕಾಳು ಮಾಡಿದರು. ಹಿಂದಿನ ಗುಳಿಗೆ, ಚುಚ್ಚುಮದ್ದುಗಳಂತೆ ಎಲ್ಲರಿಗೂ ಒಂದೇ ಅಳತೆ ಎಂಬುದು ಇದರಲ್ಲಿರಲಿಲ್ಲ. ಅದು ರಕ್ತದ ರುಚಿ ನೋಡಿ, ಬಸಿರು ನಿಲ್ಲದಿರಲು ಆ ದಿನಕ್ಕೆ ಎಷ್ಟು ಹಾರ್ಮೋನು ಬೇಕೋ ಅಷ್ಟನ್ನೇ ಬಿಡುತ್ತಿತ್ತು. ಬೇಡವೆನಿಸಿದ ದಿನ ಹೆಂಗಸು ತನ್ನ ಹೆಬ್ಬೆರಳನ್ನು ಫೋನಿನ ಮೇಲೆ ಒತ್ತಿ ಅದನ್ನು ಮಲಗಿಸಬಹುದಿತ್ತು. ಗಂಡನ ಹೆಬ್ಬೆರಳಾಗಲಿ ಅತ್ತೆಯ ಹೆಬ್ಬೆರಳಾಗಲಿ ನಡೆಯುತ್ತಿರಲಿಲ್ಲ. ಕಾಳು ಕೆಟ್ಟು ಅತಿಯಾಗಿ ಸುರಿಸತೊಡಗಿದರೆ ನಿಲ್ಲಿಸಲೆಂದು ನಿಗಾ ಕೇಂದ್ರದ ಹಿರಿಯ ಎಂಜಿನಿಯರುಗಳ ಬಳಿ ಮಾತ್ರ ಇನ್ನೊಂದು ಕೀಲಿ ಇತ್ತು. ಕಸ್ತೂರಿ ಅವರಲ್ಲಿ ಒಬ್ಬಳು.

ಕಾಳು ಬಂದ ಮೊದಲ ವರ್ಷಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ತಲೆನೋವು, ಕಣ್ಣಿಗೆ ಕತ್ತಲೆ ಎಂದು ಆಸ್ಪತ್ರೆಗೆ ಬಂದಿದ್ದರು. ಅವರ ತಲೆಬುರುಡೆಯೊಳಗಿನ ನೀರಿನ ಒತ್ತಡ ಏರಿತ್ತು. ಕಾಳಿನಿಂದಲೇ ಏರಿತೇ ಎಂದರೆ ವಿಜ್ಞಾನಿಗಳಲ್ಲಿ ಒಮ್ಮತವಿರಲಿಲ್ಲ. ಆ ರೋಗ ಕಾಳಿಲ್ಲದ ಹರೆಯದ ಹೆಂಗಸರಿಗೂ ಬರುತ್ತದೆ, ಮೈ ತೂಕ ಹೆಚ್ಚಾದವರಿಗೆ ಇನ್ನಷ್ಟು ಬರುತ್ತದೆ. ಯಾವುದಕ್ಕೂ ಇರಲಿ ಎಂದು ಓಲೆ ಕೊಟ್ಟರು.

ಮೊದಲು ಮಾಡಿದ ಓಲೆ ತುಸು ಏರುಪೇರಿಗೂ ಕೂಗುತ್ತಿತ್ತು. ಕೂಗು ಕೇಳಿದವರು ಹೆದರಿ ಕಾಳು ಕೀಳಿಸಿದರು. ಮರುವರ್ಷ ಹೆರಿಗೆ ವಾರ್ಡುಗಳು ತುಂಬಿದವು, ಬಸಿರು ಬೇಡವಾದವರು ಕಂಡಕಂಡಲ್ಲಿ ಹೋಗಿ ತೆಗೆಸಿಕೊಂಡರು, ಕೆಲವರು ಮನೆಗೆ ಮರಳಲಿಲ್ಲ. ಆಮೇಲೆ ಕೇಂದ್ರದ ಮುಖ್ಯಸ್ಥ ವಾದಿರಾಜ ಕಟ್ಟಿಯವರು ಲೆಕ್ಕ ಬದಲಿಸಿದರು. ಒಬ್ಬೊಬ್ಬರ ತಲೆಯೂ ಬೇರೆ. ಆದ್ದರಿಂದ ಗೆರೆ ಓದುವ ಯಂತ್ರ ಪ್ರತಿ ಹೆಂಗಸಿನ ಇಂದಿನ ಗೆರೆಯನ್ನು ಅವಳದೇ ಇತ್ತೀಚಿನ ಗೆರೆಗೆ ಹೋಲಿಸಬೇಕು, ಥಟ್ಟನೆ ಏರಿದರೆ ಮಾತ್ರ ಕೂಗಬೇಕು. ಲೆಕ್ಕ ಚೆನ್ನಾಗಿತ್ತು. ಸುಳ್ಳು ಕೂಗು ನಿಂತಿತು. ಸಾವೂ ಕಡಿಮೆಯಾಯಿತು. ಆ ವರ್ಷ ಕೇಂದ್ರದಲ್ಲಿ ಎಲ್ಲರಿಗೂ ಪೇಡೆ ಹಂಚಿದ್ದರು.

ಕಸ್ತೂರಿಗೆ ಈ ಕೆಲಸದೊಡನೆ ಇದ್ದದ್ದು ಬರೀ ಸಂಬಳದ ನಂಟಲ್ಲ. ಅವಳ ತಂಗಿ ದಾಕ್ಷಾಯಣಿ ಸಣ್ಣವಳಿದ್ದಾಗ ಕೀಲುನೋವಿನ ಜ್ವರ ಬಂದು ಹೃದಯದ ಕವಾಟ ಬಿಗಿದುಹೋಗಿತ್ತು. ಅದು ಗೊತ್ತಾದದ್ದು ಎರಡನೆಯ ಹೆರಿಗೆಯಲ್ಲಿ. ಪುಪ್ಪುಸದಲ್ಲಿ ನೀರು ತುಂಬಿ ಮಲಗಲಾರದೆ, ರಾಣೆಬೆನ್ನೂರಿನ ಆಸ್ಪತ್ರೆಯ ಮಂಚದ ಮೇಲೆ ಕೂತೇ ಉಸಿರಿಗೆ ಬಡಿದಾಡುತ್ತಿದ್ದ ತಂಗಿಯ ಬೆನ್ನಿಗೆ ಬೆನ್ನು ಕೊಟ್ಟು ಕಸ್ತೂರಿ ಇಡೀ ದಿನ ಕೂತಿದ್ದಳು. ಮಗು ಉಳಿಯಲಿಲ್ಲ. ದಾಕ್ಷಿ ಉಳಿದಳು. ಇನ್ನೊಂದು ಬಸಿರು ಆದರೆ ಜೀವಕ್ಕೆ ನಾವು ಹೊಣೆಯಲ್ಲ ಎಂದರು ಹೃದಯದ ಡಾಕ್ಟರು. ಮಕ್ಕಳಾಗದ ಆಪರೇಷನ್ ಮಾಡೋಣವೆಂದರೆ ಅರಿವಳಿಕೆಯನ್ನು ಆ ಹೃದಯ ತಾಳುವುದಿಲ್ಲ. ಕಾಪರ್ ಟಿ ಇಡೋಣವೆಂದರೆ ರಕ್ತ ತೆಳುವಾಗಿಸುವ ಗುಳಿಗೆ ನುಂಗುವವಳಿಗೆ ತಿಂಗಳ ಸ್ರಾವ ನಿಲ್ಲುವುದಿಲ್ಲ. ಕಾಳೇ ಸರಿ ಎಂದಾಯಿತು. ಕಸ್ತೂರಿಯೇ ಮುಂದೆ ನಿಂತು ಹಾಕಿಸಿದಳು, ಓಲೆಯನ್ನೂ ತಾನೇ ತೊಡಿಸಿದಳು. ಮೂರು ವರ್ಷ ಎಲ್ಲವೂ ಸುಸೂತ್ರವಾಗಿತ್ತು.

ದಾಕ್ಷಿ ದುಡಿಯುತ್ತಿದ್ದ ಬಲೆ ಚಪ್ಪರದಲ್ಲಿ, ಅಂದರೆ ಅವಳ ಬಾಯಲ್ಲಿ ನೆಟ್ಟಿನಲ್ಲಿ, ಮೆಣಸಿನ ಬೀಜದ ಹಂಗಾಮು ಶುರುವಾದ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ಫೋನು ಮಾಡಿದಳು.

"ಅಕ್ಕಾ, ಈ ಓಲೆ ತಗದಿಡ್ಲಿ ಏನು? ಕಿವ್ಯಾಗ ಗಿರಣಿ ನಡದಂಗ ಸಪ್ಪಳ ಬರ್ತೈತಿ."

"ಎಂಥ ಸಪ್ಪಳ?"

"ಗುಂಯ್ ಗುಂಯ್ ಅಂತ. ಎದಿ ಬಡದಂಗ ಅದೂ ಬಡೀತೈತಿ. ಓಡಿದ್ರ ಅದೂ ಓಡ್ತೈತಿ."

ಕಸ್ತೂರಿ ಕುಡಿಯುತ್ತಿದ್ದ ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟಳು. "ತಲಿ ನೋಯ್ತೈತೇನ?"

"ಅದು ಯಾವತ್ತೂ ಇದ್ದದ್ದ. ನೆಟ್ಟಿನ ಒಳಗ ಬಿಸಿಲು ಕುದೀತೈತೆಲ್ಲ. ಹೂ ಬಿಡಸಾಕ ಬಗ್ಗಿದ್ರ ಒಂದ್ ಕ್ಷಣ ಕಣ್ಣಿಗೆ ಕತ್ತಲಿ ಬರ್ತೈತಿ, ಮತ್ತ ಬೆಳಕಾಗ್ತೈತಿ. ಗಾಬರಿ ಆಗಬ್ಯಾಡ. ಊಟ ಕಡಿಮಿ ಆಗೈತಿ ಅನಸ್ತೈತಿ."

ಊಟ ಕಡಿಮೆಯಾಗಿರಲಿಲ್ಲ. ಕಾಳು ಹಾಕಿಸಿಕೊಂಡ ಮೇಲೆ ದಾಕ್ಷಿ ಮೈ ತುಂಬಿಕೊಂಡಿದ್ದಳು. ಸತ್ತು ಬದುಕಿದವಳು ಈಗ ಚೆನ್ನಾಗಾದಳು ಎಂದು ಮನೆಮಂದಿಯೆಲ್ಲ ಹಿಗ್ಗಿದ್ದರು.

ಕಸ್ತೂರಿ ಕೇಂದ್ರಕ್ಕೆ ಹೋದವಳೇ ತಂಗಿಯ ಗೆರೆಯನ್ನು ತೆರೆದಳು. ಹಸಿರು ಚುಕ್ಕೆ. ಯಂತ್ರದ ಪ್ರಕಾರ ಎಲ್ಲವೂ ನೆಟ್ಟಗಿತ್ತು. ಆದರೆ ಎರಡನೆಯ ಗುಡ್ಡ ಮೊದಲನೆಯದರ ನೆತ್ತಿ ದಾಟಿ ನಿಂತಿತ್ತು. ಅವಳು ಗೆರೆಗಳನ್ನು ಹಿಂದಕ್ಕೆ ಸರಿಸುತ್ತ ಹೋದಳು. ಹೋದ ತಿಂಗಳು ಒಂದಿಷ್ಟು ಗಿಡ್ಡ, ಅದರ ಹಿಂದಿನ ತಿಂಗಳು ಇನ್ನೊಂದಿಷ್ಟು. ಹುತ್ತ ಬೆಳೆದ ಹಾಗೆ ಅದು ಯಾರಿಗೂ ಕಾಣದಂತೆ ಬೆಳೆದಿತ್ತು. ಇವತ್ತಿನದನ್ನು ನಿನ್ನೆಗೆ, ನಿನ್ನೆಯದನ್ನು ಮೊನ್ನೆಗೆ ಹೋಲಿಸುವ ಯಂತ್ರ ಪ್ರತಿ ಏರಿಕೆಯನ್ನೂ ಇದು ಈ ಹೆಂಗಸಿನ ಸಹಜ ಗೆರೆ ಎಂದು ಕಲಿತುಕೊಂಡಿತ್ತು. ಕೂಗಲು ಅದಕ್ಕೆ ಕಾರಣವೇ ಸಿಕ್ಕಿರಲಿಲ್ಲ.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ರೇಶ್ಮಾ ಜಮಾದಾರ. ಮಾತು ಕಡಿಮೆ, ಕೈ ಹಗುರ. ದಾಕ್ಷಿಯ ಕಣ್ಣಿಗೆ ಔಷಧ ಬಿಟ್ಟು ದೀಪ ಹಿಡಿದು ಒಳಗೆ ಬಹಳ ಹೊತ್ತು ನೋಡಿದರು. ಆಮೇಲೆ ಕಸ್ತೂರಿಯನ್ನು ಕರೆದು ಪರದೆಯ ಮೇಲೆ ತೋರಿಸಿದರು. ಮಿದುಳಿನಿಂದ ಕಣ್ಣಿಗೆ ಬರುವ ನರದ ತುದಿ, ಅಂಚು ಚೊಕ್ಕವಾಗಿ ಇರಬೇಕಾದದ್ದು, ನೆನೆಸಿಟ್ಟ ಅವಲಕ್ಕಿಯ ಹಾಗೆ ಉಬ್ಬಿತ್ತು.

"ಎರಡೂ ಕಣ್ಣಿನ್ಯಾಗ ಹಿಂಗ ಅದ. ಅಕ್ಷರ ಓದೋ ಹಲಗಿ ಪೂರಾ ಓದಿದ್ಲು, ಹಂಗಂತ ಸಮಾಧಾನ ಮಾಡ್ಕೋಬ್ಯಾಡ್ರಿ. ಇದು ಅಂಚಿನಿಂದ ತಿನ್ಕೋತ ಬರ್ತದ. ನಡೂಕ ಬಂದಾಗ ಗೊತ್ತಾಗೋದು."

ಬೆನ್ನುಹುರಿಯ ನೀರು ತೆಗೆದು ಒತ್ತಡ ಅಳೆಯಬೇಕಿತ್ತು. ಅದಕ್ಕೆ ರಕ್ತ ತೆಳುವಾಗಿಸುವ ಗುಳಿಗೆ ನಿಲ್ಲಿಸಬೇಕು. ನಿಲ್ಲಿಸಿದರೆ ಹೃದಯದಲ್ಲಿ ಹೆಪ್ಪುಗಟ್ಟುವ ಭಯ. ಹೃದಯದವರು, ನರದವರು, ಕಣ್ಣಿನವರು ಒಬ್ಬರಿಗೊಬ್ಬರು ಫೋನು ಮಾಡಿಕೊಂಡರು. ಎಲ್ಲೆಡೆ ಒಂದು ಮದ್ದು ಇನ್ನೊಂದರ ಕಾಲು ತುಳಿಯುತ್ತಿತ್ತು. ಕೊನೆಗೆ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಅಳೆದರು. ಒತ್ತಡ ಇರಬೇಕಾದದ್ದರ ಎರಡರಷ್ಟಿತ್ತು. ತಲೆಯ ರಕ್ತನಾಳದಲ್ಲಿ ಹೆಪ್ಪು ಇರಲಿಲ್ಲ, ಗಡ್ಡೆ ಇರಲಿಲ್ಲ. ನೀರು ತೆಗೆದ ಮೇಲೆ ಎರಡು ದಿನ ದಾಕ್ಷಿಯ ಕಿವಿಯ ಗಿರಣಿ ನಿಂತಿತು. ಎಷ್ಟು ಶಾಂತ ಐತಿ ಅಕ್ಕಾ ಜಗತ್ತು, ಎಂದಳು.

"ಕಾಳಿಂದ ಆತೇನ್ರಿ ಡಾಕ್ಟರ?" ಎಂದು ಕಸ್ತೂರಿ ಕೇಳಿದಳು. ಉತ್ತರ ಅವಳಿಗೆ ಗೊತ್ತಿತ್ತು. ತಾನೇ ಎಷ್ಟೋ ಸಭೆಗಳಲ್ಲಿ ಕೊಟ್ಟ ಉತ್ತರ.

"ಹೌದು ಅಂತ ಹೇಳಾಕ ನನ್ನ ಹತ್ರ ಪುರಾವೆ ಇಲ್ಲ. ಅಲ್ಲ ಅಂತ ಹೇಳಾಕೂ ಇಲ್ಲ. ತೂಕಾನೂ ಏರೇದ. ಆದ್ರ ನನ್ನ ತಂಗಿ ಆಗಿದ್ರ ಕಾಳು ತಗಿಸ್ತಿದ್ದೆ. ತೂಕ ಇಳಿಸಿ, ಗುಳಿಗಿ ಕೊಟ್ಟು, ಕಾಯ್ತಿದ್ದೆ."

ದಾಕ್ಷಿ ಒಪ್ಪಲಿಲ್ಲ.

ರಾಣೆಬೆನ್ನೂರಿನ ಅವಳ ಮನೆಯ ಪಡಸಾಲೆಯಲ್ಲಿ ಮೂವರೂ ಕೂತಿದ್ದರು. ದಾಕ್ಷಿಯ ಗಂಡ ಫಕ್ಕೀರಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲ. ಎತ್ತರದ ಆಳು, ಹೆಂಡತಿಯ ಅಕ್ಕನೆದುರು ಯಾವತ್ತೂ ಗೋಡೆಗೆ ಆತು ನಿಂತೇ ಮಾತಾಡುತ್ತಿದ್ದ. ಆ ದಿನ ಮಾತ್ರ ನೆಲದ ಮೇಲೆ ಕೂತಿದ್ದ.

"ಕಾಳು ತಗದ್ರ ಮುಂದ ಏನು?" ಎಂದಳು ದಾಕ್ಷಿ. "ಹೇಳು. ಮುಂದ ಏನು?"

"ಬ್ಯಾರೆ ದಾರಿ ಅದಾವ."

"ಯಾವ ದಾರಿ? ನಿರೋಧ ಹರದದ್ದಕ್ಕ ಎರಡನೇದು ನಿಂತಿತ್ತು. ನೀನ ಬೆನ್ನಿಗೆ ಕುಂತಿದ್ದೆಲ್ಲ, ನೆನಪಿಲ್ಲೇನು? ನೀರಾಗ ಮುಳುಗಿ ಉಸುರು ತಗೊಂಡಂಗ ಆಗಿತ್ತು ಅಕ್ಕಾ. ಈ ಮೂರು ವರ್ಷ ನಾ ಹೆದರಿಕಿ ಇಲ್ದ ಮಲಗೀನಿ. ತಲಿನೋವು ತಡಕೋತೀನಿ. ಬಸಿರು ತಡಕೊಳ್ಳಾಕ ಆಗೂದಿಲ್ಲ ನಂಗ."

ಕಸ್ತೂರಿ ಫಕ್ಕೀರಪ್ಪನ ಕಡೆ ತಿರುಗಿದಳು. "ನೋಡ್ರಿ, ಗಂಡಸರ ಆಪರೇಷನ್ ಭಾಳ ಸಣ್ಣದು. ಮುಂಜಾನೆ ಹೋಗಿ ಮಧ್ಯಾಹ್ನ ಮನಿಗೆ ಬರಬಹುದು. ನಾಕ ದಿವಸ ಭಾರ ಎತ್ತಬಾರದು, ಅಷ್ಟ. ಆಮ್ಯಾಲ ಮೂರು ತಿಂಗಳ ಜ್ವಾಕಿ. ನೀವು ಮಾಡಿಸ್ಕೊಂಡ್ರ ದಾಕ್ಷಿಗೆ ಕಾಳಿನ ಗರಜು ಇಲ್ಲ."

ಫಕ್ಕೀರಪ್ಪ ಅಂಗೈಗಳನ್ನು ನೋಡಿಕೊಂಡ. "ಮಾಡಿಸ್ಕೋತೀನ್ರಿ ಅಕ್ಕಾರ. ನಾ ಇಲ್ಲ ಅನ್ನೂದಿಲ್ಲ. ಆದ್ರ ಈಗ ಪ್ಯಾಟಿ ತುಂಬಿ ಹರ್ಯಾಕತ್ತೈತಿ. ಚೀಲ ಎತ್ತದಿದ್ರ ಗ್ಯಾಂಗಿನ್ಯಾಗ ನನ್ನ ಜಾಗಾ ಬ್ಯಾರೆಯವ ಹಿಡೀತಾನ. ಹಂಗಾಮು ಇಳೀಲಿ." ಆಮೇಲೆ ಮೆಲ್ಲಗೆ ಹೇಳಿದ. "ಮಾಡಿಸ್ಕೊಂಡಾವ ಒಬ್ಬಾವ ಅದಾನ್ರಿ ನಮ್ಮಾಗ. ಸೊಂಟ ಹೋತು ಅಂತ ಅಳ್ತಾನ."

"ಅದು ಸುಳ್ಳು."

"ಸುಳ್ಳ ಇರಬಹುದ್ರಿ. ಸೊಂಟ ನಂದು ಒಂದ ಐತಿ."

ಆ ಮಾತಿಗೆ ದಾಕ್ಷಿ ನಕ್ಕಳು. ಕಸ್ತೂರಿಗೂ ಸಿಟ್ಟು ಬರಲಿಲ್ಲ. ಅವನ ಭಯ ಅವನದು, ದಾಕ್ಷಿಯ ಭಯ ದಾಕ್ಷಿಯದು. ಎರಡರ ನಡುವೆ ತಾನು ತಂದಿಟ್ಟ ಸತ್ಯಗಳು ಯಾರ ಕೈಗೂ ಹತ್ತುತ್ತಿರಲಿಲ್ಲ. ಕೊನೆಗೆ ಆದ ಮಾತು ಇಷ್ಟು: ತಲೆಯ ಒತ್ತಡ ಇಳಿಸುವ ಗುಳಿಗೆ ಶುರು ಮಾಡುವುದು, ಹಂಗಾಮು ಮುಗಿದ ಕೂಡಲೇ ಫಕ್ಕೀರಪ್ಪ ಆಪರೇಷನ್ ಮಾಡಿಸಿಕೊಳ್ಳುವುದು, ಆಮೇಲೆ ಕಾಳು ತೆಗೆಸುವುದು.

ಮರುದಿನ ಹೊರಡುವ ಮುಂಚೆ ಕಸ್ತೂರಿ ತಂಗಿಯ ಕೆಲಸದ ಜಾಗಕ್ಕೆ ಹೋದಳು. ಬಿಳಿ ಬಲೆ ಹೊದಿಸಿದ ಉದ್ದನೆಯ ಚಪ್ಪರದೊಳಗೆ ಮೆಣಸಿನ ಗಿಡಗಳ ಸಾಲು, ಸಾಲಿಗೊಬ್ಬೊಬ್ಬ ಹೆಂಗಸು. ಇನ್ನೂ ಅರಳದ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಒಳಗಿನ ಗಂಡು ಎಳೆಗಳನ್ನು ಒಂದೂ ಬಿಡದೆ ಕಿತ್ತು, ಬೆರಳಿನ ಉಂಗುರದ ಬಟ್ಟಲಲ್ಲಿ ತುಂಬಿಟ್ಟ ಬೇರೆ ತಳಿಯ ಪರಾಗವನ್ನು ಮುಟ್ಟಿಸಿ, ದಾರ ಕಟ್ಟುವುದು. ಕ್ರಾಸಿಂಗ್ ಕೆಲಸ ಎನ್ನುತ್ತಾರೆ. ಒಂದು ಎಳೆ ಉಳಿದರೂ ಆ ಕಾಯಿಯ ಬೀಜ ಹಾಳು. ದಾಕ್ಷಿ ಅದರಲ್ಲಿ ಪಳಗಿದವಳು. ಬಗ್ಗಿದಳು, ಒಂದು ಕ್ಷಣ ಗಿಡದ ಕಾಂಡ ಹಿಡಿದು ಸುಮ್ಮನೆ ನಿಂತಳು. ಮತ್ತೆ ಕೈ ಆಡತೊಡಗಿತು. ಆ ಒಂದು ಕ್ಷಣ ಅವಳ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ ಎಂಬುದು ಪಕ್ಕದ ಸಾಲಿನವರಿಗೆ ತಿಳಿಯುವಂತಿರಲಿಲ್ಲ.

ಧಾರವಾಡಕ್ಕೆ ಮರಳಿ ಕಸ್ತೂರಿ ಕಟ್ಟಿಯವರ ಕೋಣೆಗೆ ಹೋದಳು. ತಂಗಿಯ ಗೆರೆಗಳನ್ನೆಲ್ಲ ಅವರ ಮೇಜಿನ ಪರದೆಯ ಮೇಲೆ ಸಾಲಾಗಿ ಇಟ್ಟಳು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ನಿಧಾನ ಏರೇದ. ನಮ್ಮ ಲೆಕ್ಕ ಇದನ್ನ ಹಿಡಿಯೂದಿಲ್ಲ," ಎಂದರು.

"ಹಂಗಾರ ಲೆಕ್ಕ ತಿದ್ದೋಣ್ರಿ ಸರ್. ಮೊದಲನೇ ತಿಂಗಳ ಗೆರಿಗೇ ಹೋಲಿಸೋಣ."

"ಪ್ರಯತ್ನ ಮಾಡಿ ನೋಡವಾ ನೀನ. ನಾ ಬ್ಯಾಡ ಅನ್ನೂದಿಲ್ಲ."

ಅವಳು ಮಾಡಿ ನೋಡಿದಳು. ಹಳೆಯ ಗೆರೆಗಳ ರಾಶಿಯ ಮೇಲೆ ಹೊಸ ಲೆಕ್ಕವನ್ನು ಓಡಿಸಿದಾಗ ಪರದೆಯ ಭೂಪಟ ಬೀದರದಿಂದ ಚಾಮರಾಜನಗರದವರೆಗೆ ಕೆಂಪಾಯಿತು. ನೆಗಡಿಯಾದವರು, ತೂಕ ತುಸು ಏರಿದವರು, ಓಲೆಯನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದವರು, ಎಲ್ಲರೂ ಕೆಂಪು. ಆ ಕೆಂಪಿನಲ್ಲಿ ದಾಕ್ಷಿಯಂಥವರು ಎಲ್ಲೋ ಇದ್ದರು; ಯಾರು ಎಂದು ಹೆಕ್ಕುವ ದಾರಿ ಇರಲಿಲ್ಲ. ಬೇರೆ ಬೇರೆ ರೀತಿ ತಿದ್ದಿ ನೋಡಿದಳು. ಕೂಗು ಕಡಿಮೆ ಮಾಡಿದರೆ ದಾಕ್ಷಿ ಹಸಿರಿಗೆ ಜಾರುತ್ತಿದ್ದಳು. ದಾಕ್ಷಿಯನ್ನು ಹಿಡಿದರೆ ಲೋಕವೆಲ್ಲ ಕೆಂಪಾಗುತ್ತಿತ್ತು.

"ಹಿಂದಿನ ಸಲ ಕೂಗಿಗೆ ಹೆದರಿ ಎಷ್ಟ ಮಂದಿ ಹೋದ್ರು ಅನ್ನೂದು ನಿನಗೂ ಗೊತ್ತದ," ಎಂದರು ಕಟ್ಟಿ. ಅವರ ದನಿಯಲ್ಲಿ ಗೆದ್ದವರ ಗತ್ತು ಇರಲಿಲ್ಲ. "ನಾ ಏನ್ ಮಾಡ್ಲಿ ಹೇಳು. ನೀ ಈ ಕುರ್ಚಿ ಮ್ಯಾಲ ಕೂತ್ರ ಏನ್ ಮಾಡ್ತೀ?"

ಅವಳು ಕೆಂಪು ಭೂಪಟವನ್ನು ಮುಚ್ಚಿದಳು.

ಅಂದಿನಿಂದ ಕಸ್ತೂರಿ ದಿನವೂ ಕೆಲಸಕ್ಕೆ ಬಂದವಳೇ ಮೊದಲು ತಂಗಿಯ ಗೆರೆ ತೆರೆಯುತ್ತಿದ್ದಳು. ಗುಳಿಗೆ ಶುರುವಾದ ಮೇಲೆ ಎರಡನೆಯ ಗುಡ್ಡ ಕೊಂಚ ತಗ್ಗಿತು. ಕಸ್ತೂರಿಗೆ ಅನ್ನ ಸೇರತೊಡಗಿತು. ಆಮೇಲೆ ಅದು ಮತ್ತೆ ಏಳತೊಡಗಿತು. ಫೋನು ಮಾಡಿ ಕೇಳಿದಳು.

"ಗುಳಿಗಿ ಬರೊಬ್ಬರಿ ತಗೋತೀಯಿಲ್ಲ?"

"ಅರ್ಧಾ ತಗೋತೀನಿ. ಪೂರಾ ತಗೊಂಡ್ರ ಬೆರಳು ಜುಮುಜುಮು ಅಂತಾವು ಅಕ್ಕಾ. ಚಿಮಟ ಹಿಡದದ್ದ ಗೊತ್ತಾಗೂದಿಲ್ಲ. ನಿನ್ನಿ ಎರಡು ಮೊಗ್ಗಿಯ ತಲೀನ ಕಿತ್ತಬಿಟ್ಟೆ. ಮಾಲಕರು ನೋಡಿದ್ರು."

"ಕೆಲಸ ಬಿಡು. ನಾ ಇದ್ದೀನಲ್ಲ."

"ನೀ ಇದ್ದೀ. ಆದ್ರ ನಾ ನೆಟ್ಟಿಗೆ ಬಂದ್ರ ನಾಕ ಮಂದಿ ದಾಕ್ಷಿ ಹೆಂಗ ಮಾಡ್ತಾಳ ನೋಡ್ರಿ ಅಂತಾರ. ಮನ್ಯಾಗ ಕುಂತ್ರ ಎದಿಬ್ಯಾನಿ ದಾಕ್ಷಿ ಅಂತಾರ. ಇದೊಂದು ಹಂಗಾಮು ಮುಗೀಲಿ."

ಆ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಕೇಂದ್ರದ ಪರದೆಗಳ ಕೋಣೆ ಖಾಲಿಯಾಗಿತ್ತು. ಕಸ್ತೂರಿ ತನ್ನ ಕೀಲಿ ಬಳಸಿ ತಂಗಿಯ ಕಾಳಿನ ಒಳಪುಟವನ್ನು ತೆರೆದಳು. ಮಲಗಿಸು ಎಂಬ ಗುಂಡಿ ಅಲ್ಲೇ ಇತ್ತು. ಒತ್ತಿದರೆ ಎಂಬತ್ತು ಮೈಲಿ ಆಚೆ, ಮೆಣಸಿನ ಸಾಲಿನಲ್ಲಿ ಬಗ್ಗಿ ನಿಂತವಳ ತೋಳಿನೊಳಗೆ ಕಾಳು ಸದ್ದಿಲ್ಲದೆ ನಿಲ್ಲುತ್ತಿತ್ತು. ದಾಕ್ಷಿಗೆ ತಿಳಿಯುತ್ತಿರಲಿಲ್ಲ. ಒತ್ತಡ ಇಳಿದರೂ ಇಳಿಯಬಹುದು. ಆದರೆ ಕಾಳು ಕಾಯುತ್ತಿದೆ ಎಂದು ನಂಬಿ ಅವಳು ಗಂಡನ ಪಕ್ಕ ಮಲಗುತ್ತಾಳೆ. ಬಸಿರು ನಿಂತರೆ ಗೊತ್ತಾಗುವ ಹೊತ್ತಿಗೆ ಪುಪ್ಪುಸಕ್ಕೆ ನೀರಿಳಿದಿರುತ್ತದೆ. ಫೋನು ಮಾಡಿ ಹೇಳಿ ಒತ್ತಿದರೋ? ಹೇಳಿದರೆ ಅವಳು ತನ್ನ ಹೆಬ್ಬೆರಳಿನಿಂದ ಮರುಕ್ಷಣವೇ ಅದನ್ನು ಎಬ್ಬಿಸುತ್ತಾಳೆ, ಮತ್ತೆ ಅಕ್ಕನ ಮಾತು ನಂಬುವುದಿಲ್ಲ. ಕಸ್ತೂರಿ ಬೆರಳನ್ನು ಗುಂಡಿಯ ಮೇಲೆ ಇಟ್ಟಳು, ತೆಗೆದಳು. ಊಟಕ್ಕೆ ಹೋದವರು ನಗುತ್ತ ಮೆಟ್ಟಿಲೇರುವ ಸದ್ದು ಕೇಳಿಸಿತು. ಪುಟ ಮುಚ್ಚಿದಳು. ಡಬ್ಬಿಯ ರೊಟ್ಟಿ ಹಾಗೆಯೇ ಉಳಿಯಿತು.

ಹಂಗಾಮಿನ ಕೊನೆಯ ವಾರ. ಫಕ್ಕೀರಪ್ಪ ಆಪರೇಷನ್ನಿಗೆ ಹೆಸರು ಬರೆಸಿ ಬಂದಿದ್ದ. ಅದನ್ನು ಹೇಳಲೆಂದೇ ಫೋನು ಮಾಡಿ, ಅಕ್ಕಾರ, ಬರೋ ಸೋಮವಾರ ಅಂದಾರ್ರಿ, ಎಂದಿದ್ದ. ಕಸ್ತೂರಿ ಆ ದಿನ ರಜೆಗೂ ಬರೆದಿದ್ದಳು.

ಗುರುವಾರ ಬೆಳಗಿನ ಹನ್ನೊಂದರ ಸುಮಾರಿಗೆ ಅವಳ ಕಣ್ಣೆದುರೇ ತಂಗಿಯ ಗೆರೆಯಲ್ಲಿ ಮೂರು ಗುಡ್ಡಗಳು ಒಂದರೊಳಗೊಂದು ಕರಗಿದವು. ಮೆಟ್ಟಿಲು, ತಗ್ಗು ಏನೂ ಉಳಿಯಲಿಲ್ಲ. ಬೆಲ್ಲದ ಅಚ್ಚಿನಂಥ ಒಂದೇ ಗುಡ್ಡ. ಈಗ ಯಂತ್ರವೂ ಕೂಗಿತು. ಅವಳು ಫೋನು ಮಾಡಿದಳು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ನಾಲ್ಕನೆಯ ಸಲಕ್ಕೆ ಪಕ್ಕದ ಸಾಲಿನ ಹೆಂಗಸೊಬ್ಬಳು ಎತ್ತಿದಳು.

"ಯಾರ್ರಿ? ದಾಕ್ಷಾಯಣಿಯ ಅಕ್ಕಾರೇನ್ರಿ? ಲಗೂನ ಬರ್ರಿ. ಆಕಿ ಗಿಡದಾಗ ಕುಂತು, ಯಾರರ ಚಪ್ಪರದ ಮ್ಯಾಲ ಕರೇ ತಾಡಪಾಲು ಹಾಕೀರೇನು ಅಂತ ಕೇಳಾಕತ್ತಾಳ್ರಿ. ಬಿಸಿಲು ಧಗಧಗ ಐತ್ರಿ ಇಲ್ಲೆ."

ಹುಬ್ಬಳ್ಳಿಯ ಆಸ್ಪತ್ರೆಯನ್ನು ಕಸ್ತೂರಿಯೇ ಮೊದಲು ಮುಟ್ಟಿದಳು. ಫಕ್ಕೀರಪ್ಪ ಹೆಂಡತಿಯನ್ನು ಗಾಡಿಯಿಂದ ಚೀಲದಂತೆ ಹೆಗಲಿಗೆ ಹಾಕಿಕೊಳ್ಳದೆ, ಮಗುವಿನಂತೆ ಎರಡೂ ತೋಳಲ್ಲಿ ಎತ್ತಿಕೊಂಡು ಬಂದ. ದಾಕ್ಷಿಯ ಕಣ್ಣುಗಳು ತೆರೆದಿದ್ದವು. ಅಕ್ಕನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ನೋಟ ಮಾತ್ರ ಅಕ್ಕನ ಭುಜದ ಆಚೆ ಎಲ್ಲೋ ನಿಂತಿತು.

"ಕಾಳು ತಗಸು ಅಕ್ಕಾ," ಎಂದಳು. "ನಾ ಹೆಬ್ಬಟ್ಟು ಒತ್ತೀನಿ. ಗಾಡ್ಯಾಗ ಇವರು ಫೋನ್ ಹಿಡದ್ರು."

ರಕ್ತ ತೆಳುವಾಗಿಸುವ ಗುಳಿಗೆಯ ಬಲ ಇಳಿಯುವಂತೆ ಇಂಜೆಕ್ಷನ್ ಕೊಟ್ಟು, ಹೃದಯದವರು ಪಕ್ಕದಲ್ಲೇ ನಿಂತು, ಆದಷ್ಟು ಕಡಿಮೆ ಅರಿವಳಿಕೆಯಲ್ಲಿ ಆಪರೇಷನ್ ಆಯಿತು. ತಲೆಯ ನೀರು ಹೊಟ್ಟೆಗೆ ಇಳಿಯುವಂತೆ ಚರ್ಮದ ಕೆಳಗೆ ಸಣ್ಣ ಕೊಳವೆ ಇಟ್ಟರು. ಅದೇ ಹೊತ್ತಿಗೆ ತೋಳಿನಿಂದ ಕಾಳನ್ನೂ ತೆಗೆದರು. ಒತ್ತಡ ಇಳಿಯಿತು. ಹೃದಯ ತಾಳಿಕೊಂಡಿತು. ಅಲ್ಲಿದ್ದವರೆಲ್ಲ ತಮ್ಮ ತಮ್ಮ ಕೆಲಸವನ್ನು ಚೊಕ್ಕವಾಗಿ ಮಾಡಿದರು.

ವಾರದ ಮೇಲೆ ಡಾ. ಜಮಾದಾರ ದೀಪ ಹಿಡಿದು ಮತ್ತೆ ನೋಡಿದರು. ಉಬ್ಬು ಇಳಿದಿತ್ತು. ಅದರ ಜಾಗದಲ್ಲಿ ನರ ಸುಣ್ಣದಂತೆ ಬೆಳ್ಳಗಿತ್ತು.

"ಎಡಗಣ್ಣಾಗ ಬೆಳಕು ಕತ್ತಲಿ ತಿಳೀತದ. ಬಲಗಣ್ಣಾಗ ನಡೂಕ ಒಂದಿಷ್ಟು ಉಳದದ, ಬಾಗಿಲ ಸಂದಿಯಿಂದ ನೋಡಿದಷ್ಟು. ಸತ್ತ ನರ ತಿರುಗಿ ಚಿಗಿಯೂದಿಲ್ಲ," ಎಂದರು. ಎಂದಿನಂತೆ ಎದ್ದು ಹೋಗದೆ ದಾಕ್ಷಿಯ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಮಂಚದ ಮೇಲೆ ಕೂತರು.

ಸೋಮವಾರದ ಆಪರೇಷನ್ ತಪ್ಪಿತ್ತು. ದಾಕ್ಷಿ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಫಕ್ಕೀರಪ್ಪ ಯಾರಿಗೂ ಹೇಳದೆ ಹೋಗಿ ಮಾಡಿಸಿಕೊಂಡು ಬಂದ. ನಡಿಗೆ ನೋಡಿ ಕಸ್ತೂರಿಗೆ ತಿಳಿಯಿತು. ಕಾರಿಡಾರಿನ ಬೆಂಚಿನ ಮೇಲೆ ಅವನ ಪಕ್ಕ ಕೂತಳು.

"ನೋವೈತೇನ್ರಿ?"

"ಏನೂ ಇಲ್ರಿ ಅಕ್ಕಾರ. ಇರುವಿ ಕಡದಷ್ಟು." ಅವನು ನೆಲ ನೋಡಿದ. "ಇಷ್ಟ ಇತ್ತು ನೋಡ್ರಿ ಅದು," ಎಂದ.

ಕೇಂದ್ರದಲ್ಲಿ ಅವಳು ತಂಗಿಯ ಪ್ರಕರಣವನ್ನು ಪರಿಣತರ ಸಮಿತಿಯ ಮುಂದಿಟ್ಟಳು. ಅವರು ಗೌರವದಿಂದಲೇ ಕೇಳಿದರು. ರೋಗಿಯ ತೂಕ ಏರಿತ್ತು, ಗುಳಿಗೆ ಅರ್ಧ ತಪ್ಪಿತ್ತು, ಕಾಳು ಬಿಟ್ಟ ಹಾರ್ಮೋನು ಎಲ್ಲೂ ಅಳತೆ ಮೀರಿರಲಿಲ್ಲ. ಕಾಳಿಗೂ ಒತ್ತಡಕ್ಕೂ ಸಂಬಂಧ ಇದೆ ಎಂದಾಗಲಿ ಇಲ್ಲ ಎಂದಾಗಲಿ ಒಂದು ಪ್ರಕರಣದಿಂದ ಹೇಳಲಾಗದು ಎಂದರು. ಅವರ ಜಾಗದಲ್ಲಿ ಕೂತಿದ್ದರೆ ತಾನೂ ಅದನ್ನೇ ಬರೆಯುತ್ತಿದ್ದೆ ಎಂದು ಕಸ್ತೂರಿಗೆ ಗೊತ್ತಿತ್ತು. ಕಟ್ಟಿಯವರು ನಿಧಾನವಾಗಿ ಏರುವ ಗೆರೆಗಳನ್ನು ಹಿಡಿಯಲು ಅವಳಿಗೊಂದು ತಂಡ ಕಟ್ಟಿಕೊಟ್ಟರು. ತಂಡ ಇನ್ನೂ ಕೆಂಪು ಹಸಿರುಗಳ ನಡುವೆ ತಡಕಾಡುತ್ತಿತ್ತು.

ಚಳಿಗಾಲದಲ್ಲಿ ಕಸ್ತೂರಿ ರಾಣೆಬೆನ್ನೂರಿಗೆ ಹೋದಳು. ದಾಕ್ಷಿ ಅಂಗಳದಲ್ಲಿ ಕೂತು, ಬೀಜದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಕಣ್ಣು ಎಲ್ಲೋ, ಬೆರಳು ಕಾಯಿಯ ಮೇಲೆ. ದಾಕ್ಷಿಯ ಮೊದಲ ಹೆರಿಗೆಯ ಮಗಳು ಶಾಲೆಗೆ ಹೋಗಿದ್ದಳು. ಅಕ್ಕ ತಂಗಿ ಅದೂ ಇದೂ ಮಾತಾಡುತ್ತಿರುವಾಗ ಹಿತ್ತಲ ಮನೆಯ ಹೊಸ ಸೊಸೆ, ಮೈಲಾರಿ ಎಂಬವಳು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಬಂದು ಕಟ್ಟೆಯ ಹತ್ತಿರ ನಿಂತಳು.

"ಕುಂದ್ರವಾ," ಎಂದಳು ದಾಕ್ಷಿ, ಹೆಜ್ಜೆಯಿಂದಲೇ ಗುರುತು ಹಿಡಿದು.

"ಅಕ್ಕಾರ ಬಂದಾರ ಅಂತ ಕೇಳಿ ಬಂದೆ." ಮೈಲಾರಿ ಕಸ್ತೂರಿಯ ಕಡೆ ನೋಡಿದಳು. "ಒಂದು ಮಾತು ಕೇಳೂದಿತ್ರಿ. ನಾ ನರ್ಸಿಂಗಿಗೆ ಹೆಸರು ಹಚ್ಚೀನ್ರಿ. ಎರಡು ವರ್ಷ ಮಕ್ಕಳು ಬ್ಯಾಡ ಅಂತ ಇವರೂ ಒಪ್ಯಾರ. ಕಾಳು ಹಾಕಸ್ಕೋ ಅಂತಾರ್ರಿ ಎಲ್ಲಾರೂ. ದಾಕ್ಷಿ ಅಕ್ಕನ್ನ ನೋಡಿದ್ರ ಎದಿ ಝಲ್ ಅಂತೈತಿ. ನೀವು ಅದರಾಗ ಇರೂ ಮಂದಿ. ಹಾಕಸ್ಕೊಳ್ಳಲೋ ಬ್ಯಾಡೋ ಹೇಳ್ರಿ."

ಇಂಥ ಪ್ರಶ್ನೆಗೆ ಕಸ್ತೂರಿ ಊರೂರಿನ ಸಭೆಗಳಲ್ಲಿ ಉತ್ತರ ಕೊಟ್ಟಿದ್ದಳು. ಲಕ್ಷಗಟ್ಟಲೆ ಹೆಂಗಸರು ಚೆನ್ನಾಗಿದ್ದಾರೆ, ತೊಂದರೆಯಾಗುವವರು ಬೆರಳೆಣಿಕೆಯಷ್ಟು, ಲಕ್ಷಣ ಕಂಡರೆ ಕೂಡಲೇ ತೋರಿಸಿ. ಅದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಈ ಹುಡುಗಿಯ ಹೃದಯ ನೆಟ್ಟಗಿತ್ತು, ಮೈ ತೆಳ್ಳಗಿತ್ತು, ಅವಳಿಗೆ ಬೇರೆ ದಾರಿಗಳೂ ಇದ್ದವು. ಅವನ್ನೆಲ್ಲ ಒಂದೊಂದಾಗಿ ಹೇಳಲೂ ಹೇಳಿದಳು. ಮೈಲಾರಿ ತಲೆಯಾಡಿಸುತ್ತ ಕೇಳಿದಳು.

"ಅದೆಲ್ಲ ನರ್ಸಮ್ಮನೂ ಹೇಳ್ಯಾರ್ರಿ," ಎಂದಳು. "ನಂಗ ಏನೂ ಆಗೂದಿಲ್ಲ ಅಂತ ನೀವು ಅಂದ್ರ ನಾ ಹಾಕಸ್ಕೋತೀನಿ."

ಕಸ್ತೂರಿ ತಂಗಿಯ ಕಡೆ ನೋಡಿದಳು. ದಾಕ್ಷಿ ಕೈ ನಿಲ್ಲಿಸಿದ್ದಳು. ಮುಖ ಎತ್ತಿ, ತಲೆಯನ್ನು ಒಂದಿಷ್ಟು ಓರೆ ಮಾಡಿ, ಉಳಿದ ಆ ಸಂದಿಯಲ್ಲಿ ಅಕ್ಕನ ಮುಖ ಹುಡುಕುತ್ತಿದ್ದಳು. ಅವಳೂ ಉತ್ತರಕ್ಕೆ ಕಾಯುತ್ತಿದ್ದಳು.

"ಹಂಗ ಅನ್ನಾಕ ನನಗ ಬರೂದಿಲ್ಲವ್ವಾ," ಎಂದಳು ಕಸ್ತೂರಿ.

ಮೈಲಾರಿ ಬೆರಳಿಗೆ ಸುತ್ತಿದ್ದ ಸೆರಗು ಬಿಚ್ಚಿದಳು. ಆಮೇಲೆ, ಎಸರಿಟ್ಟು ಬಂದೀನ್ರಿ, ಎಂದು ಹಿತ್ತಲ ಕಡೆ ಹೋದಳು.